ಮಾತಿನ ನಡುವಿನ ‘ಅಂದ್ರೆ’, ‘ಮತ್ತೆ’, ‘ಆಯ್ತಾ’: ಕಡಿಮೆ ಮಾಡಿಕೊಳ್ಳುವುದು ಹೇಗೆ?

ವಿಷಯ ಚೆನ್ನಾಗಿ ತಿಳಿದವರೇ ಮೈಕಿನ ಮುಂದೆ ನಿಂತಾಗ ತಡವರಿಸುವುದುಂಟು. ಹೇಳಬೇಕಾದ್ದು ತಲೆಯಲ್ಲಿದೆ, ಅನುಭವವೂ ಇದೆ. ಆದರೂ ಒಂದು ನಿಮಿಷದ ಮಾತಿನಲ್ಲಿ ಹತ್ತು ಸಲ ‘ಏನಪ್ಪಾ ಅಂದ್ರೆ’ ಬಂದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಕೇಳುವವರ ಕಿವಿ ವಿಷಯವನ್ನು ಬಿಟ್ಟು ಆ ಪದಕ್ಕೇ ಕಾಯತೊಡಗುತ್ತದೆ. ಒಳ್ಳೆಯ ಮಾತು ಹೀಗೆ ವ್ಯರ್ಥವಾಗುವುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಇದನ್ನು ಸರಿಪಡಿಸಿಕೊಳ್ಳಲು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ಸಾಕು.

ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ಫಿಲ್ಲರ್ ಎನ್ನುತ್ತಾರೆ. ಇಲ್ಲಿ ತುಂಬುಪದ ಎಂದು ಕರೆಯೋಣ. ಅರ್ಥಕ್ಕೆ ಏನೂ ಸೇರಿಸದೆ, ಎರಡು ಮಾತಿನ ನಡುವಿನ ಖಾಲಿ ಜಾಗವನ್ನು ತುಂಬುವ ಪದ ಅಥವಾ ದನಿ. ಕನ್ನಡದಲ್ಲಿ ಇವು ಬಗೆಬಗೆಯಾಗಿವೆ. ‘ಅ…’, ‘ಮ್…’ ಬರೀ ದನಿಗಳು. ‘ಅಂದ್ರೆ’, ‘ಮತ್ತೆ’, ‘ಆಮೇಲೆ’, ‘ಒಂಥರಾ’, ‘ಅದೇ… ಇದು…’ ದಿನಬಳಕೆಯವು. ‘ಆಯ್ತಾ’, ‘ಗೊತ್ತಾಯ್ತಾ’, ‘ಅಲ್ವಾ’ ವಾಕ್ಯದ ಬಾಲಕ್ಕೆ ಅಂಟುವವು. ‘ಸೋ’, ‘ಆಕ್ಚುಲಿ’, ‘ಬೇಸಿಕಲಿ’ ಕಚೇರಿ, ಕಾಲೇಜಿನವು. ಕೊನೆಯದು ಭಾಷಣ ಮತ್ತು ಟಿವಿಯ ನೇರಪ್ರಸಾರದ ಗುಂಪು: ‘ಈ ಒಂದು’, ‘ಏನಿದೆ’, ‘ಮಾಡತಕ್ಕಂಥ’, ‘ಈ ನಿಟ್ಟಿನಲ್ಲಿ’. ಇವು ಘನವಾಗಿ ಕೇಳಿಸುವುದರಿಂದ ತುಂಬುಪದಗಳೆಂದು ಆಡುವವರಿಗೆ ಹೊಳೆಯುವುದೇ ಇಲ್ಲ. ಬಿಡಿಸಿಕೊಳ್ಳಲು ಅತಿ ಕಷ್ಟವಾದವೂ ಇವೇ.

ಏಕೆ ಬರುತ್ತವೆ?

ಮಾತನಾಡುವಾಗ ಮನಸ್ಸು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿರುತ್ತದೆ: ಏನು ಹೇಳಬೇಕೆಂದು ಯೋಚಿಸುವುದು, ಅದಕ್ಕೆ ಪದ ಹುಡುಕಿ ವಾಕ್ಯ ಜೋಡಿಸುವುದು, ಬಾಯಿಂದ ಆಡುವುದು. ಮೊದಲೆರಡರಲ್ಲಿ ಒಂದು ಹಿಂದೆ ಬಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ‘ತಾಳಿ, ಇನ್ನೂ ಮುಗಿದಿಲ್ಲ’ ಎನ್ನುವುದಕ್ಕೆ ಒಂದು ದನಿ ಹೊರಡಿಸುತ್ತದೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಮನೋವಿಜ್ಞಾನಿಗಳು 2002ರಲ್ಲಿ ಇಂಗ್ಲಿಷ್ ಮಾತುಕತೆಗಳನ್ನು ಪರಿಶೀಲಿಸಿ ಇದನ್ನೇ ತೋರಿಸಿದರು: ‘ಅ’ ಎಂಬ ದನಿ ಚಿಕ್ಕ ತಡವನ್ನು ಸೂಚಿಸುತ್ತದೆ, ‘ಅಮ್’ ಸ್ವಲ್ಪ ದೊಡ್ಡ ತಡವನ್ನು. ಅಂದರೆ ಈ ದನಿಗಳು ಕೇಳುವವರಿಗೆ ಕೊಡುವ ಸೂಚನೆಗಳೂ ಹೌದು.

ಇನ್ನೊಂದು ಕಾರಣ, ಮಾತಿನ ಸರದಿ ಕೈತಪ್ಪುವ ಭಯ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಬಹಳ ಸಣ್ಣದು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನದ ಪ್ರಕಾರ ಅದು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಇಷ್ಟು ಕಿರಿದಾದ ಸಂದಿಗೆ ಒಗ್ಗಿದವರಿಗೆ ವೇದಿಕೆಯ ಮೇಲೆ ಒಂದು ಸೆಕೆಂಡ್ ಮೌನ ಒಂದು ಯುಗದಂತೆ ಅನಿಸುವುದು ಸಹಜ. ಸಭೆಯಲ್ಲಿ ಕುಳಿತವರಿಗೆ ಹಾಗೆ ಅನಿಸುವುದಿಲ್ಲ. ಅವರು ಆ ಸೆಕೆಂಡಿನಲ್ಲಿ ಹಿಂದಿನ ವಾಕ್ಯವನ್ನು ಅರಗಿಸಿಕೊಳ್ಳುತ್ತಿರುತ್ತಾರೆ.

ಕನ್ನಡಕ್ಕೇ ಸೇರಿದ ಮೂರನೆಯ ಕಾರಣವೊಂದಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದನ್ನು ಮುಂದೂಡುವ ಸೌಕರ್ಯವೂ ಧಾರಾಳವಾಗಿದೆ: ‘ಹೋಗಿ’, ‘ನೋಡಿ’, ‘ಆಗಿದ್ದು’, ‘ಬಂದಿರುವುದರಿಂದ’ ಎಂದು ಕೊಂಡಿ ಹಾಕುತ್ತಾ ಹೋದರೆ ವಾಕ್ಯ ಮುಗಿಯುವುದೇ ಬೇಡ. ಪ್ರತಿ ಕೊಂಡಿಯಲ್ಲೂ ಒಂದು ತುಂಬುಪದಕ್ಕೆ ಜಾಗ ಸಿಗುತ್ತದೆ. ಆದ್ದರಿಂದ ಕನ್ನಡದಲ್ಲಿ ಮಾತನಾಡುವವರು ಕಲಿಯಬೇಕಾದ ಮುಖ್ಯ ಕೆಲಸ ಒಂದೇ: ಕ್ರಿಯಾಪದದವರೆಗೆ ಹೋಗಿ, ವಾಕ್ಯ ಮುಗಿಸಿ, ಬಾಯಿ ಮುಚ್ಚುವುದು. ಮುಂದಿನ ಹಂತಗಳೆಲ್ಲ ಇದಕ್ಕೇ ನೆರವಾಗುವಂಥವು.

ಹಂತ 1: ಧ್ವನಿಮುದ್ರಣ ಮಾಡಿ, ಕೈಯಾರೆ ಬರೆಯಿರಿ

ಫೋನಿನಲ್ಲಿ ಎರಡೆರಡು ನಿಮಿಷದ ಮೂರು ಮುದ್ರಣ ಮಾಡಿಕೊಳ್ಳಿ. ಮೊದಲನೆಯದು ಚೆನ್ನಾಗಿ ಗೊತ್ತಿರುವ ವಿಷಯ: ನಿಮ್ಮ ಕೆಲಸ, ನಿಮ್ಮೂರಿನ ಜಾತ್ರೆ, ಒಂದು ಅಡುಗೆ. ಎರಡನೆಯದು ಸಿದ್ಧತೆಯೇ ಇಲ್ಲದ ವಿಷಯ. ಪತ್ರಿಕೆಯ ಯಾವುದಾದರೂ ತಲೆಬರಹ ಆರಿಸಿಕೊಂಡು ಐದು ಸೆಕೆಂಡಿನಲ್ಲಿ ಶುರುಮಾಡಿ. ಮೂರನೆಯದು ನಿಜವಾದ ಸಂದರ್ಭ: ಕಚೇರಿಯ ಸಭೆಯಲ್ಲಿ ಅಥವಾ ಫೋನಿನಲ್ಲಿ ನೀವಾಡಿದ ಮಾತು. ಎದುರಿನವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದೇ ಮುದ್ರಿಸಿ.

ಈಗ ಕೇಳುತ್ತಾ ಒಂದಕ್ಷರ ಬಿಡದೆ ಕಾಗದದ ಮೇಲೆ ಬರೆಯಿರಿ. ‘ಅ…’ ಕೂಡ ಬರೆಯಬೇಕು. ಎರಡು ನಿಮಿಷದ ಮಾತು ಬರೆಯಲು ಕಾಲು ಗಂಟೆಗಿಂತ ಹೆಚ್ಚೇ ಹಿಡಿಯಬಹುದು. ಫೋನೇ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಇಲ್ಲಿ ನಂಬಬೇಡಿ. ತಡವರಿಕೆಯ ದನಿಗಳನ್ನು ಅವು ಬಹಳ ಸಲ ಬಿಟ್ಟುಬಿಡುತ್ತವೆ, ನಮಗೆ ಬೇಕಾಗಿರುವುದೋ ಅವೇ. ಸ್ವಂತ ದನಿ ಕೇಳಲು ಮುಜುಗರವಾದರೆ ಗಾಬರಿ ಬೇಡ. ಮಾತನಾಡುವಾಗ ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ನಮ್ಮ ಕಿವಿಗೆ ತಲುಪುತ್ತದೆ, ಮುದ್ರಣದಲ್ಲಿ ಅದಿರುವುದಿಲ್ಲ. ಎರಡು ಮೂರು ದಿನಕ್ಕೆ ಒಗ್ಗಿಹೋಗುತ್ತದೆ.

ತುಂಬುಪದಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿ. ಒಟ್ಟು ಎಣಿಸಿ ನಿಮಿಷಕ್ಕೆ ಎಷ್ಟು ಎಂದು ಬರೆದಿಡಿ. ತಾರೀಖು ಹಾಕಿ. ಇದು ನಿಮ್ಮ ಆರಂಭದ ಅಳತೆ.

ಹಂತ 2: ಎಲ್ಲಿ ಬರುತ್ತವೆ ಎಂದು ಗುರುತಿಸಿ

ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ, ಏಕೆಂದರೆ ಜಾಗ ಬದಲಾದರೆ ಮದ್ದೂ ಬದಲಾಗುತ್ತದೆ. ಒಂದು ಮಾದರಿ ನೋಡೋಣ. ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ವರದಿ ಒಪ್ಪಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ.

“ಎಲ್ಲರಿಗೂ ನಮಸ್ಕಾರ. ಈ ಒಂದು ವರ್ಷದಲ್ಲಿ ಏನಪ್ಪಾ ಅಂದ್ರೆ, ನಮ್ಮ ಒಂದು ಸಂಘದಲ್ಲಿ ಏನಿದೆ, ಹಾಲು ಹಾಕತಕ್ಕಂಥ ಸದಸ್ಯರು ಅ… ನೂರಾ ನಲವತ್ತೆರಡು ಜನ ಆಗಿದ್ದು, ಮತ್ತೆ ಅಂದ್ರೆ ಹೋದ ವರ್ಷ ಅ… ನೂರಾ ಹದಿನೆಂಟು ಇದ್ರು ಆಯ್ತಾ, ಮತ್ತೆ ಏನಪ್ಪಾ ಅಂದ್ರೆ ಈ ಫ್ಯಾಟು ಕಮ್ಮಿ ಬಂದು ರೇಟು ಬಿದ್ದಿರತಕ್ಕಂಥದ್ದು ಏನಿದೆ, ಅದಕ್ಕೆ ನಾವು ಒಂದು…”

ತುಂಬುಪದಗಳು ಹದಿನೈದು. ವಾಕ್ಯವನ್ನು ನಿಜವಾಗಿ ಮುಗಿಸುವ ಕ್ರಿಯಾಪದ ಒಂದೇ, ‘ಇದ್ರು’. ಅದಕ್ಕೂ ‘ಆಯ್ತಾ’ ಎಂಬ ಬಾಲ ಸೇರಿ ಮುಂದಿನ ಮಾತಿಗೆ ಗಂಟು ಬಿದ್ದಿದೆ. ಈಗ ಜಾಗಗಳನ್ನು ಗಮನಿಸಿ. ಎರಡು ‘ಅ…’ಗಳೂ ಸಂಖ್ಯೆಯ ಮುಂದೆಯೇ ಬಂದಿವೆ: ಅಂಕಿ ನೆನಪಿನಲ್ಲಿ ಗಟ್ಟಿಯಾಗಿಲ್ಲ. ‘ಮತ್ತೆ’, ‘ಏನಪ್ಪಾ ಅಂದ್ರೆ’ ಹೊಸ ಸಂಗತಿಗೆ ದಾಟುವಲ್ಲಿ ಬಂದಿವೆ: ಯಾವುದರ ನಂತರ ಯಾವುದು ಎಂದು ಮೊದಲೇ ತೀರ್ಮಾನವಾಗಿಲ್ಲ. ‘ಒಂದು’, ‘ಏನಿದೆ’, ‘ತಕ್ಕಂಥ’ ನಾಮಪದಗಳ ಅಕ್ಕಪಕ್ಕ ಕೂತಿವೆ: ಇದು ಕೇಳಿ ಕೇಳಿ ಅಂಟಿದ ವೇದಿಕೆಯ ರೂಢಿ. ‘ಆಯ್ತಾ’ ವಾಕ್ಯದ ತುದಿಯಲ್ಲಿದೆ: ಮೌನದ ಭಯ.

ಅದೇ ಮಾತನ್ನು ಕ್ರಿಯಾಪದಕ್ಕೆ ತಂದು ನಿಲ್ಲಿಸಿದರೆ:

“ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಸಂಘಕ್ಕೆ ನೂರಾ ನಲವತ್ತೆರಡು ಜನ ಹಾಲು ಹಾಕ್ತಿದ್ದಾರೆ. ಹೋದ ವರ್ಷ ನೂರಾ ಹದಿನೆಂಟು ಜನ ಇದ್ರು. ಆದರೆ ಫ್ಯಾಟು ಕಮ್ಮಿ ಬಂತು. ಅದಕ್ಕೇ ರೇಟು ಬಿತ್ತು.”

ಹಾಕ್ತಿದ್ದಾರೆ, ಇದ್ರು, ಬಂತು, ಬಿತ್ತು. ನಾಲ್ಕು ಕ್ರಿಯಾಪದ, ಉಸಿರಿಗೆ ನಾಲ್ಕು ಜಾಗ. ಭಾಷೆ ಆಡುಮಾತಾಗಿಯೇ ಉಳಿದಿದೆ. ಗ್ರಂಥಸ್ಥ ಮಾಡುವ ಅಗತ್ಯವೇ ಬೀಳಲಿಲ್ಲ. ನಿಮ್ಮ ಕಾಗದದಲ್ಲೂ ಹೀಗೆ ವಾಕ್ಯ ಮುಗಿಸುವ ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ. ಅರ್ಧ ಪುಟದಲ್ಲಿ ಎರಡೇ ಅಡಿಗೆರೆ ಕಂಡರೆ ಕಾಯಿಲೆ ಯಾವುದೆಂದು ಗೊತ್ತಾಯಿತು.

ಹಂತ 3: ಹುಣಸೆ ಬೀಜದ ಅಭ್ಯಾಸ

ಇದು ಇಡೀ ಮಾರ್ಗದರ್ಶಿಯ ಹೃದಯ. ಬೇಕಾದ್ದು ಹತ್ತು ಹುಣಸೆ ಬೀಜ, ಒಂದು ಸ್ಟೀಲ್ ಬಟ್ಟಲು, ಅಂದಿನ ಪತ್ರಿಕೆ.

ಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನು ಎರಡು ಸಲ ಓದಿ ಮಡಚಿಡಿ. ಬೀಜಗಳನ್ನು ಎಡಗೈಯಲ್ಲಿ ಹಿಡಿದು ಸುದ್ದಿಯನ್ನು ಹತ್ತು ವಾಕ್ಯಗಳಲ್ಲಿ ಜೋರಾಗಿ ಹೇಳಿ. ಪ್ರತಿ ವಾಕ್ಯವನ್ನೂ ಕ್ರಿಯಾಪದದಲ್ಲಿ ಮುಗಿಸಿ, ಕೂಡಲೇ ತುಟಿ ಮುಚ್ಚಿ. ಮುಚ್ಚಿದ ತುಟಿಯಲ್ಲೇ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಉಸಿರು ಒಳಗೆ ಬರುತ್ತಿರುವಾಗ ಒಂದು ಬೀಜವನ್ನು ಬಟ್ಟಲಿಗೆ ಹಾಕಿ. ಟಣ್ ಎಂದ ಮೇಲೆ ಮುಂದಿನ ವಾಕ್ಯ.

ತುಟಿ ಮುಚ್ಚುವುದೇಕೆ, ಉಸಿರು ಎಳೆಯುವುದೇಕೆ? ‘ಅ…’ ದನಿ ಹೊರಡುವುದು ಉಸಿರು ಹೊರಗೆ ಹೋಗುವಾಗ. ಒಳಗೆ ಎಳೆದುಕೊಳ್ಳುತ್ತಿರುವಾಗ ಅದನ್ನು ಸಹಜವಾಗಿ ಆಡಲು ಆಗುವುದಿಲ್ಲ. ಬೇಕಾದರೆ ಈಗಲೇ ಪ್ರಯತ್ನಿಸಿ ನೋಡಿ. ಬಾಯಿ ತೆರೆದೇ ಇದ್ದರೆ ಉಸಿರು ಮುಗಿದ ತಕ್ಷಣ ‘ಮತ್ತೆ’ ನುಸುಳುತ್ತದೆ. ತುಟಿ ಸೇರಿದ್ದರೆ ಮುಂದಿನ ಮಾತಿಗಾಗಿ ಅದನ್ನು ಬೇಕೆಂದೇ ತೆರೆಯಬೇಕಾಗುತ್ತದೆ, ಅಷ್ಟರಲ್ಲಿ ಮೊದಲ ಪದ ಸಿದ್ಧವಾಗಿರುತ್ತದೆ. ಬೀಜದ ಕೆಲಸವೂ ಸಣ್ಣದಲ್ಲ. ತಪ್ಪು ಎಣಿಸುವ ಬದಲು ಮುಗಿಸಿದ ವಾಕ್ಯವನ್ನು ಎಣಿಸುವುದರಿಂದ ಮನಸ್ಸು ತುಂಬುಪದದ ಸುತ್ತ ಸುತ್ತುವುದಿಲ್ಲ. ‘ಅಂದ್ರೆ ಅನ್ನಬಾರದು, ಅನ್ನಬಾರದು’ ಎಂದುಕೊಂಡು ಮಾತನಾಡುವವರ ಬಾಯಲ್ಲಿ ಅದು ಇನ್ನೂ ಹೆಚ್ಚಾಗಿ ಬರುವುದೂ ಉಂಟು.

ಮೊದಲ ವಾರ ಮಾತು ಒಂದನೇ ತರಗತಿ ಪಾಠದ ಹಾಗೆ ತುಂಡು ತುಂಡಾಗಿ ಕೇಳಿಸುತ್ತದೆ. ಇರಲಿ, ಅಭ್ಯಾಸಕ್ಕೆ ಅದೇ ಬೇಕು. ಎರಡನೇ ವಾರ ಎರಡು ಸಣ್ಣ ಮಾತುಗಳನ್ನು ‘ಆದರೆ’, ‘ಅದರಿಂದ’ ಎಂದು ಜೋಡಿಸಿ ಒಂದು ಬೀಜ ಹಾಕಿ. ಮೂರನೇ ವಾರ ಬೀಜ ಬಿಟ್ಟು ಬರೀ ಉಸಿರಿನಿಂದ ನಡೆಸಿ. ಪ್ರತಿ ಭಾನುವಾರ ಎರಡು ನಿಮಿಷ ಮುದ್ರಿಸಿ ಮೊದಲ ದಿನದ ಲೆಕ್ಕದ ಪಕ್ಕಕ್ಕೆ ಬರೆಯಿರಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಕೆಲವರು ಕ್ರಿಯಾಪದಕ್ಕೆ ಮುಂಚೆಯೇ ನಿಲ್ಲಿಸುತ್ತಾರೆ: ‘ನಾವು ಈ ವರ್ಷ ಹೊಸ ಕಟ್ಟಡವನ್ನು…’ ಎಂದು ನಿಂತರೆ ಕೇಳುವವರ ಉಸಿರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಲ್ಲುವುದಾದರೆ ವಾಕ್ಯ ಮುಗಿಸಿ ನಿಲ್ಲಿ. ಇನ್ನು ಕೆಲವರು ಕೊನೆಯ ಅಕ್ಷರವನ್ನೇ ಎಳೆಯುತ್ತಾರೆ, ‘ಬಂದಿದ್ದಾರೇಏಏ’. ಇದು ವೇಷ ಮರೆಸಿಕೊಂಡ ‘ಅ…’. ಮೂರನೆಯದು ಆತುರ. ಇಂಗ್ಲಿಷ್ ಕೈಪಿಡಿಗಳಲ್ಲಿ ಭಾಷಣಕ್ಕೆ ನಿಮಿಷಕ್ಕೆ ಸುಮಾರು 130ರಿಂದ 150 ಪದ ಎಂಬ ಸಲಹೆ ಇರುತ್ತದೆ. ‘ಮನೆಯವರಿಗಾಗಿಯೇ’ ಎಂಬ ಒಂದೇ ಕನ್ನಡ ಪದಕ್ಕೆ ಅಲ್ಲಿ ನಾಲ್ಕೈದು ಪದ ಬೇಕು. ಆ ಲೆಕ್ಕವನ್ನು ಕನ್ನಡಕ್ಕೆ ತಂದರೆ ಓಟವಾಗುತ್ತದೆ, ಓಟದಲ್ಲಿ ಯೋಚನೆ ಹಿಂದೆ ಬೀಳುತ್ತದೆ.

ಹಂತ 4: ಒಂದು ಸಲಕ್ಕೆ ಒಂದೇ ಪದ

ಎಲ್ಲ ತುಂಬುಪದಗಳನ್ನೂ ಒಟ್ಟಿಗೆ ಓಡಿಸಲು ಹೊರಟರೆ ಬಾಯಿ ಕಟ್ಟಿಹೋಗುತ್ತದೆ. ಲೆಕ್ಕದಲ್ಲಿ ಮೊದಲು ನಿಂತದ್ದನ್ನು ಒಂದು ವಾರಕ್ಕೆ ಆರಿಸಿಕೊಳ್ಳಿ. ಎಚ್ಚರವಾಗಿರಬೇಕಾದದ್ದು ಬದಲಿ ಪದಗಳ ಬಗ್ಗೆ: ‘ಅಂದ್ರೆ’ ಹೋದ ಜಾಗಕ್ಕೆ ‘ಸೋ’ ಬಂದು ಕೂರುತ್ತದೆ. ಹಾಗಾಗಿ ಭಾನುವಾರದ ಲೆಕ್ಕದಲ್ಲಿ ಆ ಪದವನ್ನಷ್ಟೇ ಅಲ್ಲ, ಒಟ್ಟನ್ನೂ ನೋಡಬೇಕು. ಒಟ್ಟು ಇಳಿಯದಿದ್ದರೆ ಮೌನ ಇನ್ನೂ ಅಭ್ಯಾಸವಾಗಿಲ್ಲ. ಮೂರನೇ ಹಂತಕ್ಕೆ ಮರಳಿ.

‘ತಕ್ಕಂಥ’ದ ವಿಷಯ ಸ್ವಲ್ಪ ಬೇರೆ. ‘ತಕ್ಕ’ ಎಂದರೆ ಯೋಗ್ಯವಾದ, ಸಲ್ಲುವ. ಹಳೆಯ ಕಾಗದಪತ್ರಗಳಲ್ಲಿ, ಸರಕಾರಿ ಆದೇಶಗಳಲ್ಲಿ ‘ಸಲ್ಲಿಸತಕ್ಕದ್ದು’ ಎಂದರೆ ಸಲ್ಲಿಸಲೇಬೇಕು ಎಂಬ ಖಚಿತ ಅರ್ಥವಿದೆ. ಅದೇ ಪದ ‘ನಿನ್ನೆ ಬಂದಿರತಕ್ಕಂಥ ಮಳೆ’ಯಲ್ಲಿ ಏನೂ ಹೇಳುತ್ತಿಲ್ಲ. ‘ನಿನ್ನೆ ಬಂದ ಮಳೆ’ ಸಾಕು. ಹೀಗೆಯೇ ‘ಪರಿಶೀಲನೆ ಮಾಡುವಂತಹ ಕೆಲಸವನ್ನು ಮಾಡುತ್ತಿದ್ದೇವೆ’ ಎಂಬುದು ‘ಪರಿಶೀಲಿಸುತ್ತಿದ್ದೇವೆ’. ಇಂಥ ಹತ್ತು ವಾಕ್ಯಗಳನ್ನು ಬರೆದು ಕತ್ತರಿಸಿ, ಕತ್ತರಿಸಿದ್ದನ್ನು ಐದೈದು ಸಲ ಜೋರಾಗಿ ಹೇಳಿ. ಇದು ರೂಢಿಯಾದ್ದರಿಂದ ಬರೀ ಮೌನದಿಂದ ಹೋಗುವುದಿಲ್ಲ. ನಾಲಿಗೆಗೆ ಚಿಕ್ಕ ರೂಪದ ರುಚಿ ಹತ್ತಬೇಕು.

ಕಚೇರಿಯವರ ‘ಆಕ್ಚುಲಿ’, ‘ಬೇಸಿಕಲಿ’ಗಳಿಗೆ ಬಹಳ ಸಲ ಕಾರಣ ಒಳಗೊಳಗೇ ನಡೆಯುವ ಅನುವಾದ. ವಿಷಯವನ್ನು ಇಂಗ್ಲಿಷಿನಲ್ಲಿ ಕಲಿತಿರುತ್ತಾರೆ, ಕನ್ನಡದಲ್ಲಿ ಹೇಳುವಾಗ ಪದಕ್ಕೆ ತಡಕಾಡುತ್ತಾರೆ. ಮಾತಿಗೆ ಮುಂಚೆ ಬೇಕಾಗುವ ಹತ್ತು ಹದಿನೈದು ಪದಗಳ ಪಟ್ಟಿ ಮಾಡಿ, ಯಾವುದನ್ನು ಯಾವ ರೂಪದಲ್ಲಿ ಹೇಳುತ್ತೀರಿ ಎಂದು ನಿರ್ಧರಿಸಿಕೊಳ್ಳಿ. ‘ಗಡುವು’ ನಾಲಿಗೆಗೆ ಬರುತ್ತಿಲ್ಲವಾದರೆ ‘ಡೆಡ್‌ಲೈನ್’ ಎಂದೇ ಹೇಳಿ ಮುಂದೆ ಹೋಗಿ. ಶುದ್ಧ ಪದಕ್ಕಾಗಿ ಮೂರು ಸಲ ‘ಅ…’ ಅನ್ನುವುದರಿಂದ ಕನ್ನಡಕ್ಕೇನೂ ಲಾಭವಿಲ್ಲ.

ಹಂತ 5: ಮಾತಿಗೊಂದು ಪದ್ಯ

ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತವಿಲ್ಲದ ಯಕ್ಷಗಾನದಲ್ಲಿ, ಪಾತ್ರದ ಮಾತನ್ನಾಡುವ ಅರ್ಥಧಾರಿಗೆ ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅದು ಮುಗಿದೊಡನೆ ಅರ್ಥಧಾರಿ ಅದರ ಸಾರವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾ ಎದುರಿನ ಪಾತ್ರದೊಡನೆ ವಾದಕ್ಕಿಳಿಯುತ್ತಾನೆ. ಆಶುವಾಗಿ ಅಷ್ಟು ಹೊತ್ತು ಮಾತನಾಡಲು ಅವನಿಗೆ ನೆರವಾಗುವುದು, ವಿದ್ವತ್ತಿನ ಜೊತೆಗೆ, ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕೆಂದು ಪದ್ಯವೇ ಹೇಳಿಕೊಟ್ಟಿರುವುದು.

ನಿಮ್ಮ ಮಾತಿಗೂ ಅಂಥದೊಂದು ಪದ್ಯ ಬೇಕು. ಅಂಗೈಯಗಲದ ಕಾಗದದಲ್ಲಿ ನಾಲ್ಕೇ ಸಾಲು ಬರೆಯಿರಿ. ಪ್ರತಿ ಸಾಲಿನಲ್ಲಿ ಮೊದಲ ನಾಮಪದ ಮತ್ತು ಕೊನೆಯ ಕ್ರಿಯಾಪದ ಮಾತ್ರ, ಜೊತೆಗೆ ಅಂಕಿ ಅಥವಾ ಹೆಸರಿದ್ದರೆ ದೊಡ್ಡದಾಗಿ: ‘ಸದಸ್ಯರು – 142 – ಏರಿದರು’, ‘ಫ್ಯಾಟು – ಇಳಿಯಿತು’. ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಕಂಡರೆ ನಡುವಿನದನ್ನು ಬಾಯಿ ತಾನೇ ಕಟ್ಟಿಕೊಳ್ಳುತ್ತದೆ. ಪೂರ್ತಿ ಭಾಷಣ ಬರೆದು ಉರುಹೊಡೆಯುವುದು ಬೇಡ. ಒಂದು ಪದ ಮರೆತರೆ ಸಾಲೇ ಮರೆಯುತ್ತದೆ, ಆಗ ಬರುವ ‘ಅ…’ ಎಲ್ಲಕ್ಕಿಂತ ಉದ್ದ. ಬಾಯಿಪಾಠ ಇರಬೇಕಾದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಎರಡೇ.

ಹಂತ 6: ಕೇಳುವ ಕಿವಿಯೊಂದು

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಈಗ ಬೆಂಗಳೂರಿನಲ್ಲೂ ಕ್ಲಬ್ಬುಗಳಿರುವ, ಸಭೆಯ ಮುಂದೆ ಮಾತನಾಡುವುದನ್ನು ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕೂಟಗಳಲ್ಲಿ ಒಬ್ಬರಿಗೆ ‘ಆ-ಕೌಂಟರ್’ ಎಂಬ ಹೊಣೆ ಇರುತ್ತದೆ: ಯಾರ ಮಾತಿನಲ್ಲಿ ಎಷ್ಟು ತುಂಬುಪದ ಬಂತೆಂದು ಎಣಿಸಿ ಕೊನೆಯಲ್ಲಿ ಹೇಳುವುದು. ಕೂಟ ಇಲ್ಲದಿದ್ದರೂ ಒಬ್ಬ ಗೆಳೆಯರು ಸಾಕು. ಮೊದಲ ಎರಡು ವಾರ ಅವರು ಬರೀ ಎಣಿಸಲಿ, ನಡುವೆ ತಡೆಯುವುದು ಬೇಡ. ಆಮೇಲೆ ಬೇಕಾದರೆ ತುಂಬುಪದ ಬಂದಾಗ ಬೆರಳೆತ್ತಲಿ. ಮಕ್ಕಳಿಗೆ ಮಾತ್ರ ಬೆರಳೆತ್ತಬೇಡಿ. ನಾಲ್ಕು ಜನರ ಮುಂದೆ ತಿದ್ದಿಸಿಕೊಂಡ ಮಗು ಮಾತನ್ನೇ ಕಡಿಮೆ ಮಾಡಿಬಿಡುತ್ತದೆ. ಅವರಿಗೆ ಬೀಜದ ಆಟ ಸಾಕು, ಮೆಚ್ಚಿಕೊಂಡು ಆಡುತ್ತಾರೆ.

ಯಾವುದನ್ನು ಬಿಡಬಾರದು?

‘ಅಲ್ವಾ’ ಎಂದು ಕೇಳಿ ಎದುರಿನವರ ಮುಖ ನೋಡಿದರೆ ಅದು ನಿಜವಾದ ಪ್ರಶ್ನೆ. ಮೇಷ್ಟ್ರು ‘ಗೊತ್ತಾಯ್ತಾ’ ಎಂದು ಕೇಳಿ ಮೂರು ಸೆಕೆಂಡ್ ಕಾದರೆ ಅದು ಪಾಠದ ಭಾಗ. ಧಾರವಾಡದ ಕಡೆಯ ‘ನೋಡ್ರಿ’, ಮಂಗಳೂರಿನ ಕಡೆಯ ‘ಮಾರಾಯ್ರೆ’ ಎದುರಿನವರನ್ನು ಮಾತಿನೊಳಕ್ಕೆ ಕರೆಯುವ ಪದಗಳು. ಒಂದೇ ವಾಕ್ಯದಲ್ಲಿ ಮೂರು ಸಲ ಬಂದರಷ್ಟೇ ಯೋಚಿಸಬೇಕು. ಮನೆಮಂದಿಯೊಡನೆ, ದುಃಖದಲ್ಲಿರುವವರೊಡನೆ ಮಾತನಾಡುವಾಗ ಈ ಲೆಕ್ಕವೇ ಬೇಡ. ವೇದಿಕೆಯಲ್ಲೂ ಗುರಿ ಸೊನ್ನೆಯಲ್ಲ. ಹತ್ತು ಹದಿನೈದರಿಂದ ನಿಮಿಷಕ್ಕೆ ಎರಡು ಮೂರಕ್ಕೆ ಇಳಿದರೆ ಯಾರ ಗಮನವೂ ಅತ್ತ ಹೋಗದು.

ಉಗ್ಗು ಇರುವವರ ವಿಷಯ ಪೂರ್ತಿ ಬೇರೆ. ಕಟ್ಟಿಕೊಂಡ ಪದವನ್ನು ದಾಟಲು ಕೆಲವರು ತುಂಬುಪದವನ್ನು ಊರುಗೋಲಿನಂತೆ ಬಳಸುತ್ತಾರೆ. ಅದನ್ನು ಕಿತ್ತುಕೊಳ್ಳುವುದು ಸಲ್ಲದು. ಅವರಿಗೆ ವಾಕ್ ಚಿಕಿತ್ಸಕರ ನೆರವು ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಪಾಸಣೆ, ಚಿಕಿತ್ಸೆ ಸಿಗುತ್ತದೆ.

ಮಾತಿನ ದಿನ

ಅಂದು ಎಣಿಸಬೇಡಿ. ಎದ್ದು ನಿಂತು, ಮೈಕ್ ಸರಿಮಾಡಿಕೊಂಡು, ತುಟಿ ಮುಚ್ಚಿ ಒಂದು ಉಸಿರು ಎಳೆದುಕೊಂಡ ಮೇಲೆಯೇ ‘ನಮಸ್ಕಾರ’ ಅನ್ನಿ. ವಿಡಿಯೊ ಸಭೆಯಲ್ಲಿ ದನಿ ತಡವಾಗಿ ತಲುಪುವುದರಿಂದ ನಿಮ್ಮ ಮೌನದಲ್ಲಿ ಬೇರೆಯವರು ಮಾತು ಶುರುಮಾಡಬಹುದು. ‘ಮೂರು ವಿಷಯ ಹೇಳುತ್ತೇನೆ’ ಎಂದು ಆರಂಭದಲ್ಲೇ ಹೇಳಿಬಿಟ್ಟರೆ ಮೂರು ಮುಗಿಯುವವರೆಗೆ ಕಾಯುತ್ತಾರೆ.

ಪ್ರಶ್ನೋತ್ತರದಲ್ಲಿ ತುಂಬುಪದ ಏಕಾಏಕಿ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಪದ್ಯವಿಲ್ಲ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು. ಆಮೇಲೆ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಸಭೆಗೆ ಕೇಳುವಂತೆ ಹೇಳಿ: ‘ರೇಟು ಯಾವಾಗ ಏರುತ್ತದೆ ಎಂದು ಕೇಳುತ್ತಿದ್ದಾರೆ.’ ಹಿಂದೆ ಕುಳಿತವರಿಗೆ ಪ್ರಶ್ನೆ ತಿಳಿಯುತ್ತದೆ, ನಿಮಗೆ ನಾಲ್ಕು ಸೆಕೆಂಡ್ ಸಿಗುತ್ತದೆ. ಮೊದಲ ವಾಕ್ಯವೇ ಉತ್ತರವಾಗಿರಲಿ, ವಿವರ ಆಮೇಲೆ. ಗೊತ್ತಿಲ್ಲದಿದ್ದರೆ ‘ಆ ಲೆಕ್ಕ ಈಗ ನನ್ನ ಬಳಿ ಇಲ್ಲ, ನಾಳೆ ತಿಳಿಸುತ್ತೇನೆ’ ಎನ್ನಿ. ಇದರಲ್ಲೂ ಎರಡು ಗಟ್ಟಿ ಕ್ರಿಯಾಪದಗಳಿವೆ.

ಮುಗಿಸುವಾಗ ‘ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ’ ಎಂದ ಮೇಲೆ ‘ಮತ್ತೆ ಇನ್ನೊಂದು ಏನಪ್ಪಾ ಅಂದ್ರೆ’ ಎಂದು ಮೈಕಿಗೆ ಮರಳಬೇಡಿ. ಬಾಯಿಪಾಠ ಮಾಡಿದ ಕೊನೆಯ ವಾಕ್ಯವನ್ನು ಕ್ರಿಯಾಪದದವರೆಗೆ ಗಟ್ಟಿಯಾಗಿ ಹೇಳಿ, ತುಟಿ ಮುಚ್ಚಿ, ಕೈಮುಗಿದು, ಹೋಗಿ ಕುಳಿತುಕೊಳ್ಳಿ.